ಜುಲೈ ತಿಂಗಳಲ್ಲಿ ಎನ್‌ಬಿಎ ತಂಡಗಳಿಗೆ ಸ್ಥಾನ ಕೊಡುವುದು ಹೇಗೆ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಕಾಲೇಜು ತಂಡದಲ್ಲಿ ಪಾಯಿಂಟ್ ಗಾರ್ಡ್. ನಾವು ನಾಲ್ವರು ಗೆಳೆಯರು ಪ್ರತಿ ಜುಲೈನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 30 ತಂಡಗಳನ್ನೂ ಒಂದರಿಂದ ಮೂವತ್ತರವರೆಗೆ ಬರೆದಿಟ್ಟು, ಸೀಸನ್ ಮುಗಿಯುವ ಏಪ್ರಿಲ್‌ನಲ್ಲಿ ತೆಗೆದು ನೋಡುತ್ತೇವೆ. ಕಳೆದ ವರ್ಷ ನಾನು ಫಿಲಡೆಲ್ಫಿಯಾಗೆ 2ನೇ ಸ್ಥಾನ ಕೊಟ್ಟಿದ್ದೆ, ಡೆಟ್ರಾಯ್ಟ್‌ಗೆ 29ನೆಯದು. ಎರಡೂ ತಲೆಕೆಳಗಾದವು. ಈ ಸಲ (2025) ಕೆವಿನ್ ಡ್ಯುರಾಂಟ್ ಬಂದಿದ್ದಾರೆಂದು ಹ್ಯೂಸ್ಟನ್ ಮೊದಲು, ಡಾನ್ಚಿಚ್ ಮತ್ತು ಲೆಬ್ರಾನ್ ಇರುವ ಲೇಕರ್ಸ್ ಎರಡನೆಯದು, ಒಕ್ಲಹೋಮ ಮೂರನೆಯದು ಎಂದು ಬರೆದಿದ್ದೇನೆ. ಆಫ್‌ಸೀಸನ್‌ನಲ್ಲಿ, ಅಂದರೆ ಪಂದ್ಯಗಳಿಲ್ಲದ ಅಮೆರಿಕದ ಬೇಸಿಗೆಯಲ್ಲಿ, ತಂಡಗಳನ್ನು ಅಳೆಯಲು ಸರಿಯಾದ ದಾರಿ ಇದೆಯೇ, ಇಲ್ಲ ಎಲ್ಲವೂ ಅದೃಷ್ಟವೇ?

ಉತ್ತರ: ದಾರಿ ಇದೆ. ಅದೃಷ್ಟವೂ ಇದೆ, ಅದರ ಪಾಲು ಎಷ್ಟೆಂದು ಅಂದಾಜು ಮಾಡುವುದೂ ಆ ದಾರಿಯಲ್ಲೇ ಬರುತ್ತದೆ. ನಿಮ್ಮ ಎರಡೂ ವರ್ಷದ ಪಟ್ಟಿಗಳನ್ನು ನೋಡಿದರೆ ಒಂದೇ ಅಭ್ಯಾಸ ಕಾಣುತ್ತದೆ. ಬೇಸಿಗೆಯಲ್ಲಿ ಯಾವ ತಂಡದ ಸುದ್ದಿ ಹೆಚ್ಚು ಬಂತೋ ಆ ತಂಡ ನಿಮ್ಮ ಪಟ್ಟಿಯಲ್ಲಿ ಮೇಲಿದೆ.

ಮಂಡ್ಯದವರಾದ ನಿಮಗೆ ಇದನ್ನು ಕನ್ನಂಬಾಡಿ ಕಟ್ಟೆಯ ಲೆಕ್ಕದಲ್ಲೇ ಹೇಳುತ್ತೇನೆ. ಪತ್ರಿಕೆಯಲ್ಲಿ ಮಳೆಗಾಲವಿಡೀ ಆ ಪುಟ್ಟ ಪಟ್ಟಿ ಬರುತ್ತದಲ್ಲ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಕೊಡಗಿನಲ್ಲಿ ಮಳೆ ಜೋರಂತೆ ಎಂಬ ಮಾತೊಂದನ್ನೇ ನಂಬಿ ನಾಲೆ ಬಯಲಿನ ರೈತ ಭತ್ತದ ಒಟ್ಟಲು ಬಿಡುವುದಿಲ್ಲ. ಮೊದಲು ಕಟ್ಟೆಯಲ್ಲಿ ಈಗ ಎಷ್ಟಿದೆ ಎಂದು ನೋಡುತ್ತಾನೆ. ಆಮೇಲೆ ಬರುವುದೆಷ್ಟು, ಹೋಗುವುದೆಷ್ಟು. ಈ ವರ್ಷ (2025) ಕಟ್ಟೆ ಜೂನ್‌ನಲ್ಲೇ ತುಂಬಿ, 30ನೇ ತಾರೀಖು ಬಾಗಿನ ಅರ್ಪಿಸಿದರು. ಅದೇ ರಾತ್ರಿ ಕಳೆದು ನಸುಕಿನ ಮೂರೂವರೆಗೆ, ಅಮೆರಿಕದಲ್ಲಿ ಇನ್ನೂ ಜೂನ್ 30ರ ಸಂಜೆ ಆರು, ಎನ್‌ಬಿಎಯ ಫ್ರೀ ಏಜೆನ್ಸಿಯ, ಅಂದರೆ ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಸೇರುವ ಕಾಲದ, ಬಾಗಿಲು ತೆರೆಯಿತು. ಅಲ್ಲಿಂದ ಎರಡು ವಾರ ನಾವು ಓದುವುದೆಲ್ಲ ಒಳಹರಿವಿನ ಸುದ್ದಿಯೇ. ಮಟ್ಟದ ಮಾತು ಯಾರೂ ಎತ್ತುವುದಿಲ್ಲ.

ತಂಡದ ಮಟ್ಟ ಎಲ್ಲಿ ಕಾಣುತ್ತದೆ? ಕಳೆದ ಸೀಸನ್‌ನ ಗೆಲುವಿನ ಸಂಖ್ಯೆಯಲ್ಲಿ ಅಷ್ಟಾಗಿ ಅಲ್ಲ, ಸರಾಸರಿ ಅಂಕದ ಅಂತರದಲ್ಲಿ. ಒಂದು ಪಂದ್ಯಕ್ಕೆ ಹೊಡೆದ ಅಂಕದಿಂದ ಬಿಟ್ಟುಕೊಟ್ಟ ಅಂಕವನ್ನು ಕಳೆಯಿರಿ. ಎರಡು ಅಂಕದಲ್ಲಿ ಗೆದ್ದ ಪಂದ್ಯವೂ ಇಪ್ಪತ್ತು ಅಂಕದಲ್ಲಿ ಗೆದ್ದ ಪಂದ್ಯವೂ ಅಂಕಪಟ್ಟಿಯಲ್ಲಿ ಒಂದೇ. ಆದರೆ ಎರಡು ಅಂಕದ ಗೆಲುವಿನಲ್ಲಿ ರಿಮ್ಮಿಗೆ ತಾಗಿ ಒಳಗೆ ಬಿದ್ದ ಕೊನೆಯ ಚೆಂಡಿನ ಪಾಲು ದೊಡ್ಡದು. ಮುಂದಿನ ವರ್ಷ ಅದೇ ಚೆಂಡು ಹೊರಗೆ ಬೀಳಬಹುದು. ಹ್ಯೂಸ್ಟನ್, ಫಿಲಡೆಲ್ಫಿಯಾ ತಂಡಗಳ ಆಡಳಿತ ನಡೆಸಿದ ಡ್ಯಾರಿಲ್ ಮೋರಿ ಬೇಸ್‌ಬಾಲ್‌ನ ಒಂದು ಸೂತ್ರವನ್ನು ಬಹಳ ಹಿಂದೆಯೇ ಬ್ಯಾಸ್ಕೆಟ್‌ಬಾಲ್‌ಗೆ ಹೊಂದಿಸಿದ್ದರು. ಅದರ ಗಣಿತ ಬೇಡವೆಂದರೆ ಒರಟು ಲೆಕ್ಕ ಸಾಕು: 82 ಪಂದ್ಯಗಳಲ್ಲಿ ಸರಾಸರಿ ತಂಡ 41 ಗೆಲ್ಲುತ್ತದೆ, ಅಂತರದ ಪ್ರತಿ ಒಂದು ಅಂಕಕ್ಕೆ ಎರಡೂವರೆಯಿಂದ ಎರಡೂಮುಕ್ಕಾಲು ಗೆಲುವು ಸೇರಿಸಿ ಅಥವಾ ಕಳೆಯಿರಿ. ತೀರಾ ಮೇಲಿನ, ತೀರಾ ಕೆಳಗಿನ ತಂಡಗಳಿಗೆ ಈ ಲೆಕ್ಕ ಸ್ವಲ್ಪ ಬಾಗುತ್ತದೆ, ನಡುವಿನವರಿಗೆ ಚೆನ್ನಾಗಿ ಕೂರುತ್ತದೆ.

ಮೊನ್ನೆ ಮುಗಿದ 2024-25ರ ಸೀಸನ್ ತೆಗೆದುಕೊಳ್ಳಿ. ಲೇಕರ್ಸ್ 50 ಗೆದ್ದರು, ಮಿನೆಸೋಟಾ 49. ಅಂಕಪಟ್ಟಿಯಲ್ಲಿ ಲೇಕರ್ಸ್ ಮೇಲೆ. ಆದರೆ ಲೇಕರ್ಸ್ ಅಂತರ ಪಂದ್ಯಕ್ಕೆ ಒಂದು ಅಂಕಕ್ಕಿಂತ ಸ್ವಲ್ಪ ಹೆಚ್ಚು, ಮಿನೆಸೋಟಾದ್ದು ಐದರ ಹತ್ತಿರ. ನಮ್ಮ ಲೆಕ್ಕದಲ್ಲಿ ಲೇಕರ್ಸ್ ನಲವತ್ತನಾಲ್ಕರ ತಂಡ, ಮಿನೆಸೋಟಾ ಐವತ್ತನಾಲ್ಕರ ತಂಡ. ಪ್ಲೇಆಫ್ ಮೊದಲ ಸುತ್ತಿನಲ್ಲಿ ಇವರಿಬ್ಬರೇ ಎದುರಾದರು, ಮಿನೆಸೋಟಾ 4–1ರಲ್ಲಿ ಮುಗಿಸಿತು. ಲೇಕರ್ಸ್ ಪರವಾಗಿ ಒಂದು ಮಾತು ಹೇಳಲೇಬೇಕು. ಡಾನ್ಚಿಚ್ ಬಂದದ್ದು ಫೆಬ್ರವರಿಯಲ್ಲಿ, ಹಾಗಾಗಿ ಆ ಒಂದು ಅಂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಂದ್ಯ ಬೇರೆಯೇ ತಂಡದ್ದು. ಅವರನ್ನು ನಲವತ್ತನಾಲ್ಕಕ್ಕಿಂತ ಮೇಲೆ ಇಡಲು ಕಾರಣ ಇದೆ. ಎರಡನೇ ಸ್ಥಾನಕ್ಕೆ ಏರಿಸಲು ಮಾತ್ರ ನನಗೆ ಕಾರಣ ಸಿಗಲಿಲ್ಲ.

ಮಟ್ಟ ಸಿಕ್ಕಿದ ಮೇಲೆ ಅದನ್ನು ನಡುವಿನ ಕಡೆಗೆ ಸ್ವಲ್ಪ ಎಳೆಯಬೇಕು. ಒಳ್ಳೆಯ ವರ್ಷದಲ್ಲಿ ಅದೃಷ್ಟ, ಆರೋಗ್ಯ ಎರಡೂ ಕೂಡಿ ಬಂದಿರುತ್ತವೆ, ಕೆಟ್ಟ ವರ್ಷದಲ್ಲಿ ಎರಡೂ ಕೈಕೊಟ್ಟಿರುತ್ತವೆ. ಮುಂದಿನ ವರ್ಷವೂ ಅಷ್ಟೇ ಪ್ರಮಾಣದಲ್ಲಿ ಹಾಗೇ ಆಗುವುದು ಅಪರೂಪ. 2021-22ರಲ್ಲಿ ಫೀನಿಕ್ಸ್ 64 ಪಂದ್ಯ ಗೆದ್ದು ಲೀಗಿಗೇ ಮೊದಲಾಯಿತು, ಮರುವರ್ಷ 45. ನನ್ನ ರೂಢಿ ಎಂದರೆ ಕಳೆದ ವರ್ಷದ ಅಂತರದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಇಟ್ಟುಕೊಳ್ಳುವುದು. ಒಕ್ಲಹೋಮ ಸಿಟಿ 68–14ರಲ್ಲಿ ಮುಗಿಸಿತು, ಅಂತರ 12.9, ಲೀಗಿನ ಇತಿಹಾಸದಲ್ಲೇ ಅಷ್ಟು ದೊಡ್ಡದು ಯಾರಿಗೂ ಬಂದಿರಲಿಲ್ಲ. ಮೂರರಲ್ಲಿ ಒಂದು ಪಾಲು ಬಿಟ್ಟರೂ ಎಂಟೂವರೆ ಉಳಿಯುತ್ತದೆ, ಅಂದರೆ ಸುಮಾರು 63 ಗೆಲುವು. ಕ್ಲೀವ್‌ಲ್ಯಾಂಡ್ ಐವತ್ತೇಳರ ಹತ್ತಿರ, ಹ್ಯೂಸ್ಟನ್ ನಲವತ್ತೊಂಬತ್ತರ ಹತ್ತಿರ ನಿಲ್ಲುತ್ತದೆ. ಒಬ್ಬ ಆಟಗಾರನೂ ಬರುವ, ಹೋಗುವ ಮೊದಲೇ ಒಕ್ಲಹೋಮ ಮತ್ತು ಹ್ಯೂಸ್ಟನ್ ನಡುವೆ ಹದಿನಾಲ್ಕು ಗೆಲುವಿನ ಅಂತರ ಇದೆ. ಡ್ಯುರಾಂಟ್ ಒಬ್ಬರೇ ಅದನ್ನು ತುಂಬಬೇಕು ಎಂದು ನಿಮ್ಮ ಪಟ್ಟಿ ಹೇಳುತ್ತಿದೆ.

ತುಂಬಬಲ್ಲರೇ? ಇಲ್ಲಿ ಒಳಹರಿವಿನ ಲೆಕ್ಕ ಶುರು. ನೋಟ್‌ಬುಕ್ಕಿನಲ್ಲಿ ಪ್ರತಿ ತಂಡಕ್ಕೂ 240 ಎಂದು ಬರೆದುಕೊಳ್ಳಿ. ಒಂದು ಪಂದ್ಯ 48 ನಿಮಿಷ, ಅಂಗಳದಲ್ಲಿ ಐವರು, ಒಟ್ಟು 240 ಆಟಗಾರ-ನಿಮಿಷ. ಎಷ್ಟೇ ತಾರೆಗಳನ್ನು ಕೊಂಡರೂ ಇದು 241 ಆಗುವುದಿಲ್ಲ. ಹೊಸಬ ಬಂದರೆ ಯಾರದೋ ನಿಮಿಷ ಅವನಿಗೆ ಹೋಗಬೇಕು. ಡ್ಯುರಾಂಟ್‌ಗಾಗಿ ಹ್ಯೂಸ್ಟನ್ ಜೇಲೆನ್ ಗ್ರೀನ್ ಮತ್ತು ಡಿಲನ್ ಬ್ರೂಕ್ಸ್ ಇಬ್ಬರನ್ನೂ ಬಿಟ್ಟುಕೊಟ್ಟಿತು. ಅವರಿಬ್ಬರೂ ಪಂದ್ಯಕ್ಕೆ ತಲಾ 32 ನಿಮಿಷದ ಆಸುಪಾಸು ಆಡುತ್ತಿದ್ದರು, ಗ್ರೀನ್ ಅಂತೂ 82ಕ್ಕೆ 82 ಪಂದ್ಯ ಆಡಿದವರು. 64 ನಿಮಿಷ ಖಾಲಿಯಾಯಿತು. ಡ್ಯುರಾಂಟ್ ಹೆಚ್ಚೆಂದರೆ 36 ತುಂಬುತ್ತಾರೆ, ಅದೂ ಸೆಪ್ಟೆಂಬರ್‌ಗೆ 37 ತುಂಬುವ ಕಾಲಿನಲ್ಲಿ. ಉಳಿದ 28 ನಿಮಿಷಕ್ಕೆ ಹೊಸದಾಗಿ ಬಂದ ಡೋರಿಯನ್ ಫಿನ್ನಿ-ಸ್ಮಿತ್, ಜೊತೆಗೆ ರೀಡ್ ಶೆಪರ್ಡ್‌ನಂತಹ ಹುಡುಗರು. ಹ್ಯೂಸ್ಟನ್‌ನ ಭವಿಷ್ಯ ನಿಜವಾಗಿ ನಿಂತಿರುವುದು ಈ 28 ನಿಮಿಷದ ಮೇಲೆ. ನನ್ನ ಅಂದಾಜಿನಲ್ಲಿ ಈ ಬದಲಾವಣೆ ಅವರಿಗೆ ಲಾಭವೇ, ನಾಲ್ಕೈದು ಗೆಲುವು ಸೇರಬಹುದು. ಹದಿನಾಲ್ಕು ಸೇರುವುದಿಲ್ಲ.

ನಿಮಿಷಕ್ಕೊಂದು ಮಿತಿ ಇದ್ದ ಹಾಗೆ ಚೆಂಡಿಗೂ ಇದೆ: ಅಂಗಳದಲ್ಲಿ ಚೆಂಡು ಒಂದೇ. ಇದನ್ನು ನಾನು ಕಲಿತದ್ದು 2012ರಲ್ಲಿ. ಆ ಬೇಸಿಗೆಯಲ್ಲಿ ಕೋಬಿ ಬ್ರಯಂಟ್ ಮತ್ತು ಪೌ ಗಸೋಲ್ ಜೊತೆಗೆ ಸ್ಟೀವ್ ನ್ಯಾಶ್, ಡ್ವೈಟ್ ಹವರ್ಡ್ ಸೇರಿದಾಗ ಲೇಕರ್ಸ್‌ಗೆ ಎದುರೇ ಇಲ್ಲ ಎಂದು ನಾನೂ ಬರೆದಿಟ್ಟಿದ್ದೆ. ಐದೇ ಪಂದ್ಯಕ್ಕೆ ಕೋಚ್ ಬದಲಾದರು, ಗಾಯಗಳು ಸಾಲುಗಟ್ಟಿದವು, 45–37ರಲ್ಲಿ ಮುಗಿದು ಮೊದಲ ಸುತ್ತಿನಲ್ಲೇ ಸ್ಯಾನ್ ಆಂಟೋನಿಯೊ 4–0ರಲ್ಲಿ ಹೊರಗೆ ಹಾಕಿತು. ನಾಲ್ಕು ಹೆಸರುಗಳನ್ನು ಕೂಡಿಸಿದ್ದೆ. ಆ ನಾಲ್ವರ ವಯಸ್ಸನ್ನಾಗಲಿ, ಚೆಂಡು ಯಾರ ಕೈಯಲ್ಲಿರಬೇಕು ಎಂಬುದನ್ನಾಗಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗೆಂದು ಬೇಸಿಗೆಯ ಖರೀದಿ ಫಲ ಕೊಡುವುದೇ ಇಲ್ಲ ಎಂದಲ್ಲ. 2007ರಲ್ಲಿ ಕೆವಿನ್ ಗಾರ್ನೆಟ್ ಮತ್ತು ರೇ ಅಲೆನ್ ಬಂದ ಬಾಸ್ಟನ್ 24 ಗೆಲುವಿನಿಂದ 66ಕ್ಕೆ ಹಾರಿ ಪ್ರಶಸ್ತಿಯನ್ನೂ ಗೆದ್ದಿತು. ಅಲ್ಲಿ ಮೂವರ ಕೆಲಸ ಮೂರು ಬಗೆಯದು: ಗಾರ್ನೆಟ್ ಹಿಂದೆ ನಿಂತು ರಕ್ಷಣೆ ಕಟ್ಟಿದರು, ಅಲೆನ್ ಓಡಿ ಓಡಿ ಹೊರಗಿನಿಂದ ಹೊಡೆದರು, ಮೊದಲೇ ಅಲ್ಲಿದ್ದ ಪಾಲ್ ಪಿಯರ್ಸ್ ಚೆಂಡು ಹಿಡಿದರು. ಒಬ್ಬರ ನಿಮಿಷ ಇನ್ನೊಬ್ಬರು ತಿನ್ನಲಿಲ್ಲ.

ಹೊರಹರಿವಿನ ಮಾತು. ನನ್ನನ್ನು ಕೇಳಿದರೆ ಆಫ್‌ಸೀಸನ್ ಪಟ್ಟಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮೈಸೂರಿನಲ್ಲಿ ನಾನು ತರಬೇತಿ ಕೊಡುತ್ತಿದ್ದ ಒಂದು ಕಾಲೇಜು ತಂಡಕ್ಕೆ ಒಂದು ವರ್ಷ ಆರಡಿ ನಾಲ್ಕಂಗುಲದ ಹುಡುಗ ಬಂದ. ಊರೆಲ್ಲ ಅವನದೇ ಮಾತು. ಅದೇ ವರ್ಷ ಅಂತಿಮ ವರ್ಷ ಮುಗಿಸಿ ಹೋದ ಒಬ್ಬ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ಅಂಕ ಹೊಡೆಯುತ್ತಿದ್ದವನಲ್ಲ, ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ನಲವತ್ತು ನಿಮಿಷ ಕಟ್ಟಿಹಾಕುತ್ತಿದ್ದವನು. ಆ ಸೀಸನ್ ನಾವು ಹೊಡೆದ ಅಂಕ ಹೆಚ್ಚಾಯಿತು, ಬಿಟ್ಟುಕೊಟ್ಟದ್ದು ಅದಕ್ಕಿಂತ ಹೆಚ್ಚಾಯಿತು. ನಿಮ್ಮ ಕಾಲೇಜಿನಲ್ಲೂ ಪ್ರತಿ ಜೂನ್‌ನಲ್ಲಿ ಇಂಥವನೊಬ್ಬ ಹೋಗುತ್ತಿರುತ್ತಾನೆ, ಪಾಯಿಂಟ್ ಗಾರ್ಡ್ ಆದ ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎನ್‌ಬಿಎಯಲ್ಲಿ ಈಗ ಹೊರಹರಿವಿನ ತೂಬು ತೆರೆಯುವುದು ಹಣದ ನಿಯಮ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ನಂತರ, ಒಂದು ತಂಡದ ಒಟ್ಟು ಸಂಬಳದ ಮಿತಿಯ ಮೇಲೆ ಎರಡು ಗೆರೆಗಳಾಗಿವೆ, ಮೇಲಿನದಕ್ಕೆ ಸೆಕೆಂಡ್ ಏಪ್ರನ್ ಎನ್ನುತ್ತಾರೆ. 2025-26ಕ್ಕೆ ಮೂಲ ಮಿತಿ ಸುಮಾರು 15.46 ಕೋಟಿ ಡಾಲರ್, ಮೇಲಿನ ಗೆರೆ ಸುಮಾರು 20.78 ಕೋಟಿ. ಅದನ್ನು ದಾಟಿದ ತಂಡ ಎರಡು ಸಂಬಳಗಳನ್ನು ಒಟ್ಟು ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ (ತಂಡಗಳ ನಡುವಿನ ವಿನಿಮಯದಲ್ಲಿ) ತರುವಂತಿಲ್ಲ, ಏಳು ವರ್ಷ ಮುಂದಿನ ಅದರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನು (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನು) ಟ್ರೇಡ್ ಮಾಡದಂತೆ ಬೀಗ ಬೀಳುತ್ತದೆ. ಬಾಸ್ಟನ್ ಈ ಬೇಸಿಗೆಯಲ್ಲಿ ಹಾಲಿಡೇಯನ್ನು ಪೋರ್ಟ್‌ಲ್ಯಾಂಡ್‌ಗೂ ಪೊರ್ಜಿಂಗಿಸ್‌ನನ್ನು ಅಟ್ಲಾಂಟಾಕ್ಕೂ ಕಳಿಸಿದ್ದು ಇದೇ ಗೆರೆಯಿಂದ ಕೆಳಗಿಳಿಯಲು. ಮೇಲಾಗಿ ಜೇಸನ್ ಟೇಟಮ್‌ಗೆ ಮೇ ತಿಂಗಳಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದಿದೆ. 61 ಗೆದ್ದ ತಂಡ ಎಂದು ಬಾಸ್ಟನ್‌ಗೆ ಮೇಲಿನ ಸ್ಥಾನ ಕೊಟ್ಟರೆ ಆ 61ನ್ನು ಗೆದ್ದವರು ಅಲ್ಲಿ ಅರ್ಧವೂ ಉಳಿದಿಲ್ಲ. ಫೈನಲ್ ಆಡಿದ ಇಂಡಿಯಾನಾದ್ದೂ ಅದೇ ಕಥೆ: ಏಳನೇ ಪಂದ್ಯದಲ್ಲಿ ಹ್ಯಾಲಿಬರ್ಟನ್‌ಗೆ ಅದೇ ಗಾಯ, ಹತ್ತು ವರ್ಷ ಜೊತೆಗಿದ್ದ ಮೈಲ್ಸ್ ಟರ್ನರ್ ಮಿಲ್ವಾಕಿಗೆ ಹೊರಟರು. ಈ ಗಾಯದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಡ್ಯುರಾಂಟ್‌ಗೆ 2019ರ ಜೂನ್‌ನಲ್ಲಿ ಆದಾಗ ಮುಂದಿನ ಇಡೀ ಸೀಸನ್ ಅಂಗಳಕ್ಕೆ ಇಳಿಯಲಿಲ್ಲ.

ಈಗ ನಿಮ್ಮ ಹಳೆಯ ಎರಡು ತಪ್ಪುಗಳು. ಫಿಲಡೆಲ್ಫಿಯಾ 2024ರ ಬೇಸಿಗೆಯಲ್ಲಿ ಪಾಲ್ ಜಾರ್ಜ್‌ನನ್ನು ಸೇರಿಸಿಕೊಂಡಿತು, ಎಲ್ಲ ಕಡೆ ಹೊಗಳಿಕೆ. ಎಂಬೀಡ್ 19 ಪಂದ್ಯ ಆಡಿದರು, ಜಾರ್ಜ್ 41, ಮ್ಯಾಕ್ಸಿ 52. ತಂಡ 24–58. ಇದರಲ್ಲಿ ಅದೃಷ್ಟ ಕೆಟ್ಟದ್ದು ನಿಜ. ಆದರೆ ಎಂಬೀಡ್ ಮಂಡಿಯ ಇತಿಹಾಸ ಜುಲೈನಲ್ಲೇ ಎಲ್ಲರ ಕಣ್ಣ ಮುಂದಿತ್ತು. 240ರ ಲೆಕ್ಕ ಬರೆಯುವಾಗ ಅವರಿಗೆ 82 ಪಂದ್ಯ ಕೊಡುವ ಬದಲು ಹಿಂದಿನ ಮೂರು ವರ್ಷದ ಸರಾಸರಿ ಕೊಟ್ಟಿದ್ದರೆ ಫಿಲಡೆಲ್ಫಿಯಾ ನಿಮ್ಮ ಪಟ್ಟಿಯಲ್ಲಿ ಎರಡನೆಯದಾಗುತ್ತಿರಲಿಲ್ಲ. 24ಕ್ಕೆ ಬೀಳುತ್ತದೆ ಎಂದು ಯಾರಿಗೂ ಹೇಳಲು ಆಗುತ್ತಿರಲಿಲ್ಲ, ಅದಕ್ಕಾಗಿ ಬೇಸರ ಪಡಬೇಡಿ.

ಡೆಟ್ರಾಯ್ಟ್ ಇದಕ್ಕಿಂತ ಕಷ್ಟದ ಪಾಠ. 2023-24ರಲ್ಲಿ ಸತತ 28 ಸೋಲು, ಒಟ್ಟು 14–68. ಮರುವರ್ಷ 44–38. ನನ್ನ ಮೂರರಲ್ಲಿ ಎರಡರ ಲೆಕ್ಕ ಆ ತಂಡಕ್ಕೆ ಇಪ್ಪತ್ತೈದರ ಹತ್ತಿರ ಕೊಡುತ್ತಿತ್ತು, ಅಂದರೆ ಲೆಕ್ಕವೂ ಸೋತಿತು. ಲೆಕ್ಕಕ್ಕೆ ಕಾಣದೆ ಕಣ್ಣಿಗೆ ಕಾಣುವಂತಿದ್ದ ಸಂಗತಿಗಳು ಮೂರಿದ್ದವು. ಕೇಡ್ ಕನಿಂಗ್‌ಹ್ಯಾಮ್‌ಗೆ ಆಗಷ್ಟೇ 23 ತುಂಬುತ್ತಿತ್ತು, ಆಟಗಾರ ಬೇಗ ಬೇಗ ಬೆಳೆಯುವ ವಯಸ್ಸು. ಅವರ ಸುತ್ತ ಹೊರಗಿನಿಂದ ಹೊಡೆಯುವವರೇ ಇರಲಿಲ್ಲ, ಬೀಸ್ಲಿ, ಹಾರ್ಡವೇ, ಟೋಬಿಯಸ್ ಹ್ಯಾರಿಸ್ ಬಂದರು. ಕೋಚ್ ಬದಲಾದರು. ಬಂದ ಆಟಗಾರರು ಒಬ್ಬೊಬ್ಬರೂ ಸಣ್ಣ ಸುದ್ದಿ, ಆದರೆ ಮೂವರೂ ಒಂದೇ ಕೊರತೆಯನ್ನು ತುಂಬಿದರು. 29ನೇ ಸ್ಥಾನಕ್ಕೆ ತಳ್ಳುವ ಮುಂಚೆ "ಈ ತಂಡಕ್ಕೆ ನೋವು ಎಲ್ಲಿತ್ತು, ಔಷಧಿ ಅಲ್ಲಿಗೇ ಬಿತ್ತೇ?" ಎಂದು ಕೇಳಿಕೊಳ್ಳಿ.

ವಯಸ್ಸಿನ ಬಗ್ಗೆ ಮಂಡ್ಯದವರಿಗೆ ಹೆಚ್ಚು ಹೇಳಬೇಕಿಲ್ಲ. ಕೂಳೆ ಕಬ್ಬಿಗೆ ಬಿತ್ತನೆಯ ಖರ್ಚಿಲ್ಲ, ಮೊದಲ ಕೂಳೆ ಚೆನ್ನಾಗಿಯೂ ಬರುತ್ತದೆ. ಮೂರನೆಯ, ನಾಲ್ಕನೆಯ ಕೂಳೆಗೆ ಇಳುವರಿ ಇಳಿಯುತ್ತದೆ ಎಂದು ಗೊತ್ತಿದ್ದೂ ಬಿಡಲು ಮನಸ್ಸಾಗುವುದಿಲ್ಲ. ಹಳೆಯ ತಾರೆಗಳ ತಂಡಗಳೂ ಹಾಗೇ. ಸ್ಟೀಫನ್ ಕರಿಗೆ 37, ಲೆಬ್ರಾನ್‌ಗೆ ಡಿಸೆಂಬರ್‌ನಲ್ಲಿ 41. ಇವರ ವಿಷಯದಲ್ಲಿ ಕಳೆದ ವರ್ಷದ ಅಂಕಿಯನ್ನು ಹಾಗೇ ಎತ್ತಿ ಬರೆಯಬೇಡಿ, ಸ್ವಲ್ಪ ಕಳೆದೇ ಬರೆಯಿರಿ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರಿಗೆ ಸ್ವಲ್ಪ ಕೂಡಿಸಿ. ಒಕ್ಲಹೋಮ ಈ ಎಣಿಕೆಯಲ್ಲೂ ಮುಂದಿದೆ. ಗಿಲ್ಜಸ್-ಅಲೆಕ್ಸಾಂಡರ್‌ಗೆ ಈಗ 27, ಜೇಲೆನ್ ವಿಲಿಯಮ್ಸ್ ಮತ್ತು ಹೋಲ್ಮ್‌ಗ್ರೆನ್ ಅದಕ್ಕೂ ಚಿಕ್ಕವರು, ಮೂವರೂ ಈ ಬೇಸಿಗೆಯಲ್ಲಿ ಒಪ್ಪಂದ ಮುಂದುವರಿಸಿದರು. ಮಟ್ಟ ತುಂಬಿದೆ, ಹೊರಹರಿವು ಇಲ್ಲವೆನ್ನುವಷ್ಟು ಕಡಿಮೆ. ಸುದ್ದಿಯಾಗದ ಬೇಸಿಗೆಯೇ ಅವರ ದೊಡ್ಡ ಲಾಭ.

ಹೊಸ ಹುಡುಗರ ಬಗ್ಗೆ ಚುಟುಕಾಗಿ: ರೂಕಿಗಳಿಗೆ ಮೊದಲ ವರ್ಷ ಗೆಲುವು ಕೂಡಿಸಬೇಡಿ. ವೆಂಬನ್ಯಾಮಾ ಬರುವ ಮುಂಚಿನ ವರ್ಷ ಸ್ಯಾನ್ ಆಂಟೋನಿಯೊ 22–60, ಅವರು ಬಂದ ವರ್ಷವೂ 22–60. ಹೊಸಬರು ಆಡುವ ಲಾಸ್ ವೇಗಸ್‌ನ ಸಮ್ಮರ್ ಲೀಗ್ ನೋಡಿ ಖುಷಿಪಡಿ, ಆದರೆ ಪಟ್ಟಿಗೆ ತರಬೇಡಿ. 2012ರಲ್ಲಿ ಅಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಡೇಮಿಯನ್ ಲಿಲಾರ್ಡ್. ಇನ್ನೊಬ್ಬರು ಜಾಶ್ ಸೆಲ್ಬಿ, ಆ ಸೀಸನ್ ನಂತರ ಅವರು ಎನ್‌ಬಿಎಯಲ್ಲಿ ಆಡಲೇ ಇಲ್ಲ.

ಸುದ್ದಿಯೇ ಆಗದ ಇನ್ನೊಂದು ಒಳಹರಿವು ಇದೆ: ಗಾಯದಿಂದ ಮರಳುವವರು. 2013-14ರಲ್ಲಿ ಅಟ್ಲಾಂಟಾದ ಅಲ್ ಹಾರ್ಫರ್ಡ್ 29 ಪಂದ್ಯಕ್ಕೇ ಹೊರಬಿದ್ದರು, ತಂಡ 38 ಗೆದ್ದಿತು. ಬೇಸಿಗೆಯಲ್ಲಿ ದೊಡ್ಡ ಹೆಸರು ಯಾವುದೂ ಸೇರಲಿಲ್ಲ. ಹಾರ್ಫರ್ಡ್ ಮರಳಿದ ವರ್ಷ 60 ಗೆಲುವು, ಜನವರಿಯಲ್ಲಿ ಆಡಿದ 17 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಎನ್‌ಬಿಎ ತಂಡಗಳು ಪೂರ್ವ, ಪಶ್ಚಿಮ ಎಂದು ಎರಡು ಭಾಗ; ಈ ಕಾರಣಕ್ಕೇ ಈ ಸಲ ಪೂರ್ವದಲ್ಲಿ ನನ್ನ ಕಣ್ಣು ಒರ್ಲಾಂಡೋ ಮೇಲಿದೆ. ಕಳೆದ ವರ್ಷ 41–41. ಬಾಂಕೆರೊ 46 ಪಂದ್ಯ, ಸಗ್ಸ್ 35 ಮಾತ್ರ ಆಡಿದರು. ಮೂರಂಕದ ಹೊಡೆತದಲ್ಲಿ ಲೀಗಿಗೇ ಕೊನೆಯ ತಂಡ. ಆ ನೋವಿಗೆ ನೇರವಾಗಿ ಡೆಸ್ಮಂಡ್ ಬೇನ್‌ರನ್ನು ತಂದಿದ್ದಾರೆ, ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನು ಕೊಟ್ಟು. ಬೆಲೆ ಹೆಚ್ಚಾಯಿತು ಎನ್ನುವವರಿದ್ದಾರೆ. ಮುಂದಿನ ಏಪ್ರಿಲ್‌ನ ಮಟ್ಟಿಗೆ ನನಗೆ ಅದು ಸರಿಯೆನಿಸುತ್ತದೆ.

ಕೊನೆಯದಾಗಿ ಪಟ್ಟಿಯ ರೂಪ. ಒಂದರಿಂದ ಮೂವತ್ತು ಎಂದು ಸಾಲಾಗಿ ಬರೆಯುವುದನ್ನು ಬಿಟ್ಟುಬಿಡಿ. ನಡುವಿನ ಹತ್ತು ಹನ್ನೆರಡು ತಂಡಗಳ ನಡುವೆ ಎರಡು ಮೂರು ಗೆಲುವಿನ ವ್ಯತ್ಯಾಸವೂ ಇರುವುದಿಲ್ಲ, ಅಲ್ಲಿ 11 ಮತ್ತು 17ರ ಅಂತರ ಒಂದು ಉಳುಕಿದ ಪಾದದಷ್ಟೇ. ಪೂರ್ವ ಪಶ್ಚಿಮಗಳನ್ನೂ ಬೇರೆ ಬೇರೆ ಬರೆಯಿರಿ. ಪ್ರತಿ ತಂಡ 52 ಪಂದ್ಯ ತನ್ನ ಕಡೆಯವರ ಮೇಲೆ, 30 ಆಚೆ ಕಡೆಯವರ ಮೇಲೆ ಆಡುತ್ತದೆ, ಬಲಿಷ್ಠ ತಂಡಗಳು ಪಶ್ಚಿಮದಲ್ಲೇ ಹೆಚ್ಚು, ಹಾಗಾಗಿ ಪೂರ್ವದ ಸಾಧಾರಣ ತಂಡಕ್ಕೆ ಪಶ್ಚಿಮದ ಅದೇ ದರ್ಜೆಯ ತಂಡಕ್ಕಿಂತ ಗೆಲುವು ಸುಲಭ. ನನ್ನ ಗುಂಪು ಹೀಗಿದೆ: ಪಶ್ಚಿಮದಲ್ಲಿ ಒಕ್ಲಹೋಮ ಒಂಟಿಯಾಗಿ ಮೇಲೆ. ಅದರ ಕೆಳಗೆ ಒಂದೇ ಗುಂಪಿನಲ್ಲಿ ಹ್ಯೂಸ್ಟನ್, ಡೆನ್ವರ್, ಮಿನೆಸೋಟಾ. ಅದಕ್ಕೆ ತಾಗಿಕೊಂಡೇ ಲೇಕರ್ಸ್ ಮತ್ತು ಕ್ಲಿಪ್ಪರ್ಸ್. ಪೂರ್ವದಲ್ಲಿ ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಪಕ್ಕದಲ್ಲೇ ಒರ್ಲಾಂಡೋ. ಒಕ್ಲಹೋಮ ಮೇಲಿದೆ ಎಂದರೆ ಪ್ರಶಸ್ತಿ ಖಚಿತ ಎಂದಲ್ಲ. 2019ರಿಂದ 2025ರವರೆಗೆ ಏಳು ವರ್ಷದಲ್ಲಿ ಏಳು ಬೇರೆ ಬೇರೆ ತಂಡಗಳು ಗೆದ್ದಿವೆ.

ಪಟ್ಟಿಯನ್ನು ಈಗಲೇ ಮುಚ್ಚಬೇಡಿ. ತರಬೇತಿ ಶಿಬಿರ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ, ನಿಮ್ಮ ದಸರಾ ರಜೆಯ ಹೊತ್ತಿಗೆ. ಅಲ್ಲಿಯವರೆಗೆ ಒಬ್ಬನ ಮಂಡಿ ತಿರುಚಿದರೂ ಒಂದು ಗುಂಪು ಕದಲುತ್ತದೆ. ಮತ್ತೆ, ನಾಲ್ವರೂ ಸ್ಥಾನದ ಬದಲು ಗೆಲುವಿನ ಸಂಖ್ಯೆ ಬರೆಯಿರಿ. ಏಪ್ರಿಲ್‌ನಲ್ಲಿ ಪ್ರತಿ ತಂಡಕ್ಕೆ ಎಷ್ಟು ತಪ್ಪಿತೆಂದು ಕೂಡಿಸಿ, ಕಡಿಮೆ ತಪ್ಪಿದವರು ಗೆದ್ದಂತೆ. ಐದನೇ ಸ್ಪರ್ಧಿಯಾಗಿ ಮೂರರಲ್ಲಿ ಎರಡರ ಬರೀ ಲೆಕ್ಕವನ್ನೂ ಇಟ್ಟುಕೊಳ್ಳಿ, ಅದನ್ನು ಸೋಲಿಸುವುದು ನೀವು ಅಂದುಕೊಂಡಷ್ಟು ಸುಲಭವಲ್ಲ.

ಬರೆದಾದ ಮೇಲೆ ಮೂವತ್ತು ಸಂಖ್ಯೆಗಳನ್ನೂ ಕೂಡಿ ನೋಡಿ. 30 ತಂಡ, ತಲಾ 82 ಪಂದ್ಯ, ಪ್ರತಿ ಪಂದ್ಯಕ್ಕೆ ಒಬ್ಬನೇ ಗೆಲ್ಲುವವನು: ಮೊತ್ತ 1230 ಬರಲೇಬೇಕು. ಜುಲೈನಲ್ಲಿ ಬರೆದ ಪಟ್ಟಿಗಳು ಸಾಮಾನ್ಯವಾಗಿ ಅದನ್ನು ದಾಟಿರುತ್ತವೆ, ಏಕೆಂದರೆ ಬೇಸಿಗೆಯಲ್ಲಿ ಯಾವ ತಂಡವೂ ಹಾಳಾದಂತೆ ಕಾಣುವುದಿಲ್ಲ. ಹೆಚ್ಚಾದದ್ದನ್ನು ಯಾವ ತಂಡದಿಂದ ಕಳೆಯಬೇಕು ಎಂದು ನಾಲ್ವರೂ ಕೂತು ವಾದ ಮಾಡಿ, ಹ್ಯೂಸ್ಟನ್‌ನಿಂದ ಶುರುಮಾಡಿ.